ಮಳೆಯನ್ನಷ್ಟೇ ಉಂಡು ಬದುಕುವ ನೆಲ: ಕಕ್ಕಬ್ಬೆಯಲ್ಲಿ ನಾಲ್ಕು ದಿನ

ಮೊದಲ ದಿನ

ತುಲಾ ಸಂಕ್ರಮಣ ಕಳೆದು ನಾಲ್ಕು ದಿನಗಳಾಗಿದ್ದವು. ತಲಕಾವೇರಿಯ ತೀರ್ಥೋದ್ಭವಕ್ಕೆ ಬಂದಿದ್ದ ಜನಸಂದಣಿ ಕರಗಿದ್ದರಿಂದ ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆಗೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ನಾನು ಮೂವತ್ತು ವರ್ಷ ರಸಾಯನಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಜೊತೆಗಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ. ಮಳೆ ನೀರಲ್ಲದೆ ಬೇರೆ ಯಾವ ನೀರೂ ತಲುಪದ ನೆಲದಲ್ಲಿ ಗಿಡಗಳು ಏನನ್ನು ಉಂಡು ಬದುಕುತ್ತವೆ ಎಂಬ ಪ್ರಶ್ನೆ ನಮ್ಮಿಬ್ಬರನ್ನೂ ಬಹಳ ವರ್ಷಗಳಿಂದ ಕಾಡುತ್ತಿತ್ತು. ಅದನ್ನು ಪುಸ್ತಕದಲ್ಲಿ ಓದಿದ್ದು ಸಾಕು, ಮಳೆಯ ನಾಡಿಗೇ ಹೋಗಿ ನೋಡೋಣ ಎಂದು ಹೊರಟಿದ್ದೆವು.

ಉತ್ತರ ಯುರೋಪು, ಕೆನಡಾ, ಸೈಬೀರಿಯಾಗಳಲ್ಲಿ ಅಂಥ ನೆಲ ಸಾವಿರಾರು ಚದರ ಕಿಲೋಮೀಟರ್ ಹಬ್ಬಿದೆ. ಅಲ್ಲಿ ಸತ್ತ ಪಾಚಿಯೂ ಹುಲ್ಲೂ ಪೂರ್ತಿ ಕೊಳೆಯದೆ ಪದರದ ಮೇಲೆ ಪದರವಾಗಿ ಕೂತು ಪೀಟ್ ಆಗುತ್ತವೆ. ನಮ್ಮ ನರ್ಸರಿಗಳ ಕೊಕೊಪೀಟ್‌ನಿಂದಾಗಿ ಈ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಅದು ತೆಂಗಿನ ನಾರಿನ ಪುಡಿ. ನಿಜವಾದ ಪೀಟ್‌ಗೆ ಬದಲಿಯಾಗಿ ಬಂದದ್ದರಿಂದ ಅದಕ್ಕೆ ಆ ಹೆಸರು. ನಿಜವಾದ ಪೀಟ್ ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ, ಅಂದರೆ ಒಂದು ಮೀಟರ್ ದಪ್ಪವಾಗಲು ಸಾವಿರ ವರ್ಷಗಳಾದರೂ ಬೇಕು. ಹಾಗೆ ದಪ್ಪವಾಗುತ್ತ ನೆಲವೇ ಸುತ್ತಲ ಹಳ್ಳ, ತೊರೆ, ಅಂತರ್ಜಲಗಳ ಮಟ್ಟದಿಂದ ಮೇಲಕ್ಕೆದ್ದುಬಿಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಆಕಾಶವೊಂದೇ ಗತಿ.

ನಾವು ಇಳಿದುಕೊಂಡ ಮನೆಯ ಹಿಂದೆ ಗದ್ದೆಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತಿದ್ದವು. ಮೇಲಿನ ಮೂರರಲ್ಲಿ ಭತ್ತ ತೆನೆ ಕಟ್ಟುತ್ತಿತ್ತು, ತೀರ ಕೆಳಗಿನ ಎರಡು ಪಾಳು ಬಿದ್ದಿದ್ದವು. ಮನೆಯ ಅಜ್ಜ, ಎಂಬತ್ತರ ಆಸುಪಾಸಿನವರು, ಏರಿಯ ಮೇಲೆ ನಿಂತು ಹೇಳಿದರು: “ಆಳು ಸಿಕ್ಕೋದಿಲ್ಲ ಮೇಷ್ಟ್ರೇ. ಆ ಎರಡನ್ನು ಬಿಟ್ಟು ಹದಿನೆಂಟು ವರ್ಷ ಆಯ್ತು. ಈಗ ಕಾಲಿಟ್ರೆ ಮೊಣಕಾಲು ಮುಳುಗ್ತದೆ. ಕಾಲುವೆ ತೆಗೆದು ನೀರು ಬಸಿದು ಅಡಿಕೆ ಹಾಕ್ತೇನೆ ಅಂತ ಮಗ ಹೇಳ್ತಾನೆ.”

ಪಾಳು ಗದ್ದೆಯ ಅಂಚಿನಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆಯಿತ್ತು, ಬುಡದಲ್ಲಿ ತುಕ್ಕಿನ ಬಣ್ಣದ ಗಸಿ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದು ಅಜ್ಜನಿಗೆ ಅನುಮಾನ. ನನ್ನ ಶಿಷ್ಯ ಕಡ್ಡಿಯಿಂದ ಪೊರೆಯನ್ನು ಮುಟ್ಟಿದ. ಎಣ್ಣೆಯಾಗಿದ್ದರೆ ಕಡ್ಡಿ ಹಾದುಹೋದ ಮೇಲೆ ಮತ್ತೆ ಕೂಡಿಕೊಳ್ಳಬೇಕಿತ್ತು. ಇದು ಒಡೆದ ಗಾಜಿನಂತೆ ಮೂಲೆಮೂಲೆಯ ಚೂರುಗಳಾಗಿ ತೇಲಿತು. ಗುಡ್ಡದೊಳಗಿನಿಂದ ಆಮ್ಲಜನಕವಿಲ್ಲದ ನೀರಿನಲ್ಲಿ ಕರಗಿ ಬಂದ ಕಬ್ಬಿಣ ಇಲ್ಲಿ ಗಾಳಿಯನ್ನು ಕಾಣುತ್ತದೆ, ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳ ಕೆಲಸದಿಂದ ಆ ಪೊರೆಯೂ ಆ ಗಸಿಯೂ ಆಗುತ್ತವೆ. ನನಗೆ ಆ ಪೊರೆಯಲ್ಲಿ ಕಂಡದ್ದು ಇನ್ನೊಂದು ವಿಷಯ. ಈ ಗದ್ದೆ ಮಳೆಯನ್ನಷ್ಟೇ ಉಣ್ಣುವುದಿಲ್ಲ, ಬೆಟ್ಟದ ಮಣ್ಣು ಕಲ್ಲುಗಳಲ್ಲಿ ಹಾದು ಬಂದ ನೀರನ್ನೂ ಉಣ್ಣುತ್ತದೆ. ನಾವು ಹುಡುಕುತ್ತಿದ್ದ ನೆಲ ಇದಲ್ಲ. ಆದರೂ ಇದರ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದಿಟ್ಟುಕೊಂಡೆವು.

ರಾತ್ರಿ ಎಂಟಕ್ಕೆ ಮಳೆ ಬಂತು. ಮೊದಲೇ ತೊಳೆದು ತಾರಸಿಯ ನಡುವೆ ಇಟ್ಟಿದ್ದ ಸ್ಟೀಲ್ ಪಾತ್ರೆಯಲ್ಲಿ ಬೆಳಗಿನ ಹೊತ್ತಿಗೆ ನಾಲ್ಕು ಬೆರಳಿನಷ್ಟು ನೀರು ನಿಂತಿತ್ತು.

ಎರಡನೆಯ ದಿನ

ಕಾಫಿಗೆ ಮುಂಚೆಯೇ ಪಾತ್ರೆಯ ಮುಂದೆ ಕೂತೆವು. ಮನೆಯ ಫಿಲ್ಟರ್ ನೀರನ್ನು ಪರೀಕ್ಷಿಸುವ ಪೆನ್ನಿನಂಥ ಮೀಟರನ್ನು ಅದ್ದಿದಾಗ ಅದು 6 ಎಂದು ತೋರಿಸಿತು. ಅಂದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ಕರಗಿದ ಲವಣ. ಗದ್ದೆಯ ನೀರಿಗೆ ಅದೇ ಮೀಟರ್ 58 ಹೇಳಿತ್ತು. ಹುಳಿಯನ್ನು ಅಳೆಯುವ ಪಿಎಚ್ ಕಾಗದದ ಬಣ್ಣ (ಅಂಕ ಇಳಿದಷ್ಟೂ ಹುಳಿ ಹೆಚ್ಚು) ಮಳೆ ನೀರಿಗೆ ಐದೂವರೆಯ ಹತ್ತಿರ ನಿಂತಿತು. ಇದು ಮಾಲಿನ್ಯದ ಲಕ್ಷಣವಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೆ ಸಾಕು, ಶುದ್ಧ ನೀರಿನ ಪಿಎಚ್ 5.6ಕ್ಕೆ ಇಳಿಯುತ್ತದೆ.

ಆ 6 ಮಿಲಿಗ್ರಾಮಿನಲ್ಲಿ ಏನಿದ್ದೀತು? ಅರಬ್ಬಿ ಸಮುದ್ರ ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 50 ಕಿ.ಮೀ. ಅಲೆಗಳಿಂದ ಎದ್ದ ಸೋಡಿಯಂ, ಕ್ಲೋರೈಡ್, ಒಂದಿಷ್ಟು ಮೆಗ್ನೀಸಿಯಂ, ಸಲ್ಫೇಟುಗಳು ಮೋಡದೊಂದಿಗೆ ಬರುತ್ತವೆ. ಮಿಂಚು, ವಾಹನದ ಹೊಗೆ, ದನದ ಗಂಜಲ, ಗೊಬ್ಬರ ಹಾಕಿದ ಹೊಲಗಳಿಂದ ನೈಟ್ರೇಟ್ ಮತ್ತು ಅಮೋನಿಯಂ ರೂಪದಲ್ಲಿ ಸಾರಜನಕ ಬರುತ್ತದೆ. ಕ್ಯಾಲ್ಸಿಯಂ, ಪೊಟ್ಯಾಸಿಯಂ ಬಹಳ ಕಡಿಮೆ. ರಂಜಕವಂತೂ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಸಾರಜನಕದಂತೆ ಅನಿಲವಾಗಿ ಗಾಳಿಯಲ್ಲಿ ಸೇರುವ ಗುಣ ಅದಕ್ಕಿಲ್ಲ. ಅದು ಕಲ್ಲಿನ ಸೊತ್ತು, ಧೂಳಿನ ಬೆನ್ನೇರಿ ಮಾತ್ರ ಪ್ರಯಾಣ ಮಾಡುತ್ತದೆ. ಮಳೆಗಾಲದ ಕೊಡಗಿನ ಗಾಳಿಯಲ್ಲಿ ಧೂಳೆಲ್ಲಿ?

ನಾಲ್ಕುನಾಡು ಅರಮನೆಯನ್ನು ದಾಟಿ, ಅರಣ್ಯ ಇಲಾಖೆಯ ತಪಾಸಣೆ ಮುಗಿಸಿ, ತಡಿಯಂಡಮೋಳ್ ಹತ್ತತೊಡಗಿದಾಗ ಎಂಟು ಗಂಟೆ. 1748 ಮೀಟರ್ ಎತ್ತರದ ಈ ಬೆಟ್ಟ ಕೊಡಗಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಕಾಫಿ ತೋಟಗಳು ಮುಗಿದ ಮೇಲೆ ಕಣಿವೆಗಳ ಮಡಿಕೆಯಲ್ಲಿ ಶೋಲಾ ಕಾಡು, ಅದರ ಮೇಲೆ ಬಯಲು ಹುಲ್ಲುಗಾವಲು. ಹಾದಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹತ್ತಿದವರು ಅನೇಕರಿದ್ದಾರೆ, ಜಿಗಣೆಗಳನ್ನು ಬಲ್ಲವರೂ ಅನೇಕರು.

ಹುಲ್ಲುಗಾವಲಿನ ಒಂದು ಭುಜದಲ್ಲಿ ಇಳಿಜಾರು ನಿಂತು, ಬಂಡೆಯ ಹಾಸು ತಟ್ಟೆಯಂತೆ ತುಸು ತಗ್ಗಾಗಿತ್ತು. ಮೇಲಿನಿಂದ ಯಾವ ಒರತೆಯೂ ಅದಕ್ಕೆ ಹರಿದು ಬರುತ್ತಿರಲಿಲ್ಲ. ಬಂಡೆಯ ಮೇಲೆ ಒಂದು ಗೇಣಿಗಿಂತ ಕಡಿಮೆ ದಪ್ಪದ ಕಪ್ಪು ಮಣ್ಣು, ಅದರ ಮೇಲೆ ಪಾಚಿಯ ಮೆತ್ತೆ, ಮೆತ್ತೆಯ ನಡುವೆ ಗುಂಡುಸೂಜಿಯ ತಲೆಯಂಥ ಬಿಳಿ ಹೂಗಳನ್ನು ಹೊತ್ತ ಎರಿಯೊಕಾಲನ್. ಆ ಪಾಚಿ ಯುರೋಪಿನ ಪೀಟ್ ಕಟ್ಟುವ ಸ್ಫ್ಯಾಗ್ನಂ ಅಲ್ಲ ಎಂದು ಶಿಷ್ಯ ಭೂತಗನ್ನಡಿ ಹಿಡಿದು ನೋಡಿ ಹೇಳಿದ. ಆದರೆ ನೆಲದ ಲೆಕ್ಕಾಚಾರ ಅದೇ. ಮೆತ್ತೆಯ ಮೇಲೆ ಅಂಗೈಯನ್ನು ಮೆಲ್ಲನೆ ಒತ್ತಿದಾಗ ಬೆರಳ ಸಂದಿಯಲ್ಲಿ ಒಸರಿದ ನೀರಿಗೆ ಮೀಟರ್ 9 ತೋರಿಸಿತು. ಪಿಎಚ್ ಕಾಗದ ಐದಕ್ಕಿಂತ ಕೆಳಗಿಳಿಯಿತು. ಲವಣ ಹೆಚ್ಚುಕಡಿಮೆ ಮಳೆಯಷ್ಟೇ, ಹುಳಿ ಮಾತ್ರ ಮಳೆಗಿಂತ ಹೆಚ್ಚು. ಅಂದರೆ ಈ ಹುಳಿ ಆಕಾಶದಿಂದ ಬಿದ್ದದ್ದಲ್ಲ, ಇಲ್ಲೇ ಹುಟ್ಟಿದ್ದು.

ಅಲ್ಲೇ ಮೊಣಕಾಲೂರಿ ಕೂತಾಗ ಅದು ಕಂಡಿತು. ಒಂದು ಗೇಣಿನೊಳಗಿನ ಎತ್ತರ, ದಾರದಂಥ ಕಾಂಡ, ಅದಕ್ಕೆ ಸಣ್ಣ ಗುರಾಣಿಗಳನ್ನು ಸಿಕ್ಕಿಸಿದಂತೆ ಎಲೆಗಳು. ಪ್ರತಿ ಎಲೆಯ ಅಂಚಿನಿಂದಲೂ ಕೆಂಪು ರೋಮಗಳೆದ್ದು ಒಂದೊಂದರ ತುದಿಯಲ್ಲೂ ಒಂದೊಂದು ಹನಿ. ಹತ್ತು ಗಂಟೆಯ ಬಿಸಿಲಿಗೆ ಸುತ್ತಲಿನ ಇಬ್ಬನಿಯೆಲ್ಲ ಆರಿದ್ದರೂ ಈ ಹನಿಗಳು ಆರಿರಲಿಲ್ಲ, ಏಕೆಂದರೆ ಅವು ಇಬ್ಬನಿಯಲ್ಲ, ಅಂಟು. ಡ್ರೋಸೆರಾ! ಒಂದು ಎಲೆಯಲ್ಲಿ ಎಳ್ಳುಕಾಳಿಗಿಂತ ಚಿಕ್ಕ ನೊಣ ಸಿಕ್ಕಿಬಿದ್ದಿತ್ತು. ಅಂಚಿನ ಐದಾರು ರೋಮಗಳು ಆಗಲೇ ಒಳಕ್ಕೆ ಬಾಗಿ ಅದರ ರೆಕ್ಕೆಯನ್ನು ಒತ್ತಿ ಹಿಡಿದಿದ್ದವು. ಉಳಿದವು ಅರ್ಧ ಬಾಗಿದ್ದವು. ನಾವು ಗಡಿಯಾರ ನೋಡುತ್ತ ಕೂತೆವು. ಇಪ್ಪತ್ತು ನಿಮಿಷಗಳಲ್ಲಿ ಇನ್ನೂ ನಾಲ್ಕು ರೋಮಗಳು ನೊಣವನ್ನು ಮುಟ್ಟಿದವು. ಕಣ್ಣಿಗೆ ಚಲನೆ ಕಾಣುವುದಿಲ್ಲ, ಆದರೆ ಒಮ್ಮೆ ದೃಷ್ಟಿ ಬೇರೆಡೆ ಹರಿಸಿ ಮತ್ತೆ ನೋಡಿದರೆ ಜಾಗ ಬದಲಾಗಿರುತ್ತದೆ.

ಇದೇ ಕುಲದ ಗಿಡಗಳ ಮೇಲೆ ಚಾರ್ಲ್ಸ್ ಡಾರ್ವಿನ್ ವರ್ಷಗಟ್ಟಲೆ ಪ್ರಯೋಗ ಮಾಡಿ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಇಡೀ ಗ್ರಂಥವನ್ನೇ ಪ್ರಕಟಿಸಿದ. ಸಾರಜನಕವುಳ್ಳ ದ್ರವಗಳನ್ನು ಎಲೆಯ ಮೇಲೆ ಹಾಕಿದರೆ ರೋಮಗಳು ಬಾಗುತ್ತವೆ, ಸಕ್ಕರೆಯ ನೀರಿಗೆ ಬಾಗುವುದಿಲ್ಲ. ಎಲ್ಲಕ್ಕಿಂತ ತೀವ್ರವಾಗಿ ಅವು ಓಗೊಟ್ಟದ್ದು ಅಮೋನಿಯಂ ಫಾಸ್ಫೇಟಿಗೆ. ಸಾರಜನಕ ಮತ್ತು ರಂಜಕ, ಎರಡೂ ಒಂದೇ ಹನಿಯಲ್ಲಿ! ಅವನ ಮಗ ಫ್ರಾನ್ಸಿಸ್ ಮುಂದೆ ಕೆಲವು ಗಿಡಗಳಿಗೆ ಮಾಂಸದ ಚೂರು ಉಣಿಸಿ, ಕೆಲವನ್ನು ಉಪವಾಸವಿಟ್ಟು, ಉಂಡವು ಹೆಚ್ಚು ಬೀಜ ಕಟ್ಟಿದ್ದನ್ನು ತೋರಿಸಿದ. ಗಿಡದ ಹಸಿವು ಊಟದ ಹಸಿವಲ್ಲ. ಅದರ ಪಿಷ್ಟವನ್ನು ಬಿಸಿಲು ಒದಗಿಸುತ್ತದೆ. ಮಳೆ ಕೊಡದ ಉಪ್ಪನ್ನು ಅದು ನೊಣದಿಂದ ಪಡೆಯುತ್ತದೆ.

ಪಕ್ಕದಲ್ಲೇ ಯುಟ್ರಿಕ್ಯುಲೇರಿಯದ ನೇರಳೆ ಹೂಗಳಿದ್ದವು. ಅದರ ಬೇಟೆ ಒದ್ದೆ ಮಣ್ಣಿನೊಳಗೆ. ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಪುಟ್ಟ ಚೀಲಗಳು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ನೀರಿನ ಜೀವಿಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. ಕಿತ್ತು ನೋಡುವ ಆಸೆಯಾದರೂ ಕೀಳಲಿಲ್ಲ. ಒಂದು ಗೇಣು ಮಣ್ಣು ಕೂಡಲು ಎಷ್ಟು ಶತಮಾನ ಹಿಡಿದಿದೆಯೋ, ನಮ್ಮ ಒಂದು ಕುತೂಹಲಕ್ಕೆ ಅದನ್ನು ಗೀರಬೇಕೆನಿಸಲಿಲ್ಲ.

ಇಳಿಯುವಾಗ ಶಿಷ್ಯ ಕೇಳಿದ: “ಸಾರ್, ಇಷ್ಟು ಮಳೆ ಬೀಳುವ ಕೊಡಗಿನಲ್ಲಿ ಐರ್ಲೆಂಡಿನ ಹಾಗೆ ಆಳುದ್ದ ಪೀಟ್ ಯಾಕೆ ಕಟ್ಟಿಲ್ಲ?” ಮಳೆಯ ಮೊತ್ತಕ್ಕಿಂತ ಹಂಚಿಕೆ ಮುಖ್ಯ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದೆಲ್ಲ ಇಳಿಜಾರಿನಲ್ಲಿ ಹರಿದುಹೋಗುತ್ತದೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೆಲ ಒಣಗಿ ಬಿರಿಯುತ್ತದೆ. ಒಣಗಿದಾಗ ಗಾಳಿ ಒಳಹೊಕ್ಕು, ಕೂಡಿಟ್ಟದ್ದನ್ನೆಲ್ಲ ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ. ಕೆಲವು ವರ್ಷ ಬೆಂಕಿಯೂ ಬೀಳುತ್ತದೆ. ಉಷ್ಣವಲಯದಲ್ಲಿ ಪೀಟ್ ಆಗುವುದೇ ಇಲ್ಲವೆಂದಲ್ಲ. ಕಾಂಗೋ ನದಿಯ ನಡುತಗ್ಗಿನಲ್ಲಿ ಸುಮಾರು 1,45,500 ಚದರ ಕಿ.ಮೀ. ಪೀಟ್ ಜೌಗು ಇದೆಯೆಂದು 2017ರಲ್ಲಿ ಪ್ರಕಟವಾಯಿತು. ಅದೂ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ನಮ್ಮ ನೆರೆಯ ನೀಲಗಿರಿಯ ತಂಪಾದ ತಗ್ಗುಗಳಲ್ಲೂ ಪೀಟ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದರ ಇಂಗಾಲವನ್ನು ಅಳೆದು, ಕಳೆದ 20,000 ವರ್ಷಗಳಲ್ಲಿ ಅಲ್ಲಿನ ಹುಲ್ಲುಗಾವಲು ಮತ್ತು ಹವೆ ಹೇಗೆ ಬದಲಾದವೆಂಬುದನ್ನು 1993ರಲ್ಲಿ ಪ್ರಕಟಿಸಿದರು. ಕೊಳೆಯದೆ ಉಳಿದ ಹುಲ್ಲು ಹಾಗೆ ದಿನಚರಿಯ ಪುಟವಾಗುತ್ತದೆ.

ಮೂರನೆಯ ದಿನ

ಹಗಲೆಲ್ಲ ಮಳೆ. ಬೆಳಿಗ್ಗೆ ಪಾಡಿಯ ಇಗ್ಗುತ್ತಪ್ಪನ ಗುಡಿಗೆ ಹೋಗಿ ಬಂದೆವು. ಕೊಡವರಿಗೆ ಮಳೆ ಬೆಳೆಯ ದೇವರು ಅವನೇ. ಮರಳಿ ಬಂದು ಅಡುಗೆಮನೆಯ ಮೂಲೆಯಲ್ಲಿ ಪ್ರಯೋಗಕ್ಕೆ ಕೂತೆವು.

ತೋಟದ ಕಲ್ಲುಕಟ್ಟೆಯ ಮೇಲಿಂದ ಒಂದು ಹಿಡಿ ಪಾಚಿ ತಂದು ಮಳೆ ನೀರಿನಲ್ಲಿ ನಾಲ್ಕು ಸಲ ಜಾಲಿಸಿದೆವು. ಎರಡು ಸ್ಟೀಲ್ ಲೋಟಗಳಲ್ಲಿ ಮಳೆ ನೀರು. ಒಂದರಲ್ಲಿ ಪಾಚಿ, ಇನ್ನೊಂದು ಬರಿದು. ಎರಡಕ್ಕೂ ಎರಡೆರಡು ಚಿಟಿಕೆ ಕಲ್ಲುಪ್ಪು ಹಾಕಿ ಅರ್ಧ ಗಂಟೆ ಬಿಟ್ಟೆವು. ಬರಿ ನೀರಿನ ಲೋಟದಲ್ಲಿ ಪಿಎಚ್ ಕಾಗದದ ಬಣ್ಣ ಬದಲಾಗಲಿಲ್ಲ. ಪಾಚಿಯ ಲೋಟದಲ್ಲಿ ಅರ್ಧ ಅಂಕದಷ್ಟು ಇಳಿದಿತ್ತು. ಉಪ್ಪಿನಲ್ಲಿ ಹುಳಿಯಿಲ್ಲ, ನೀರಿನಲ್ಲಿ ಹೊಸದಾಗಿ ಏನೂ ಸೇರಲಿಲ್ಲ. ಹಾಗಾದರೆ ಹುಳಿ ಎಲ್ಲಿಂದ ಬಂತು? ಪಾಚಿಯ ಜೀವಕೋಶದ ಗೋಡೆಯಲ್ಲಿ ಯುರೋನಿಕ್ ಆಮ್ಲಗಳ ಸರಪಣಿಗಳಿವೆ. ಸೀಬೆಹಣ್ಣಿನ ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಕೂಡ ಇದೇ ಜಾತಿಯದು. ಅವು ನೀರಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಜಲಜನಕ ಅಯಾನನ್ನು ಬಿಡುತ್ತವೆ. ಜಲಜನಕ ಅಯಾನೆಂದರೆ ಹುಳಿಯೇ. ಕಟ್ಟೆಯ ಪಾಚಿಯಲ್ಲಿ ಈ ಗುಣ ಅಲ್ಪ, ಸ್ಫ್ಯಾಗ್ನಂನಲ್ಲಿ ವಿಪುಲ. ಬೇರಿಲ್ಲದ ಆ ಪಾಚಿ ತನ್ನ ಒಣತೂಕದ ಹದಿನೈದು, ಇಪ್ಪತ್ತು ಪಟ್ಟು ನೀರನ್ನು ಸತ್ತ ಟೊಳ್ಳು ಕೋಶಗಳಲ್ಲಿ ತುಂಬಿಟ್ಟುಕೊಂಡು, ಮಳೆ ತಂದ ಅಷ್ಟಿಷ್ಟು ಲವಣವನ್ನು ಮೇಲ್ಪದರದಲ್ಲೇ ತಡೆದು, ಸುತ್ತಲ ನೀರನ್ನು ಪಿಎಚ್ 4ರ ಆಸುಪಾಸಿಗೆ ಇಳಿಸುತ್ತದೆ. ಆ ಹುಳಿಯಲ್ಲಿ, ಆ ಬಡತನದಲ್ಲಿ ಬೇರೆ ಗಿಡಗಳು ಬಾಳಲಾರವು, ಅದು ಬಾಳುತ್ತದೆ.

ಮನೆಯ ಅಕ್ಕ ಒಲೆಯ ಬಳಿಯಿಂದಲೇ ಕೇಳುತ್ತಿದ್ದವರು, “ನಮ್ಮ ಕಾಚಂಪುಳಿ ಹಾಗೆ ಅನ್ನಿ” ಎಂದರು. ಹೋಲಿಕೆ ಬಹಳ ದೂರದವರೆಗೆ ಸರಿ. ಹಣ್ಣಿನ ರಸ ಕುದಿಸಿ ಇಳಿಸಿದ ಆ ಕಪ್ಪು ಹುಳಿ ವರ್ಷಗಟ್ಟಲೆ ಕೆಡದು. ಡೆನ್ಮಾರ್ಕಿನ ಟೋಲುಂಡ್ ಎಂಬ ಊರಿನ ಬಳಿ 1950ರಲ್ಲಿ ಪೀಟ್ ಅಗೆಯುವವರಿಗೆ ಸಿಕ್ಕ ಮನುಷ್ಯನ ಶವ ಎರಡು ಸಾವಿರ ವರ್ಷಕ್ಕೂ ಹಳೆಯದು. ಮುಖದ ಸುಕ್ಕು, ಗಲ್ಲದ ಕುರುಚಲು ಗಡ್ಡ ಕೂಡ ಅಳಿದಿರಲಿಲ್ಲ. ಆದರೆ ಪೀಟ್‌ನಲ್ಲಿ ಹುಳಿಯೊಂದೇ ಕಾವಲಲ್ಲ. ನೀರು ನಿಂತ ಕೆಳಪದರದಲ್ಲಿ ಆಮ್ಲಜನಕವಿಲ್ಲ; ಆಮ್ಲಜನಕವಿಲ್ಲದೆ ಫೀನಾಲ್‌ಗಳೆಂಬ ಸಸ್ಯಜನ್ಯ ರಾಸಾಯನಿಕಗಳನ್ನು ಒಡೆಯುವ ಕಿಣ್ವ ಕೆಲಸ ಮಾಡದು; ಒಡೆಯದೆ ಕೂಡಿಬಿದ್ದ ಫೀನಾಲ್‌ಗಳು ಕೊಳೆಸುವ ಉಳಿದ ಕಿಣ್ವಗಳನ್ನೂ ಕಟ್ಟಿಹಾಕುತ್ತವೆ. 2001ರಲ್ಲಿ ವೇಲ್ಸ್‌ನ ಸಂಶೋಧಕರು ಇದನ್ನು ಬೀಗಕ್ಕೆ ಹೋಲಿಸಿದರು. ಜಗತ್ತಿನ ನೆಲದ ಶೇಕಡ 3ರಷ್ಟು ಮಾತ್ರ ಇರುವ ಪೀಟ್ ಪ್ರದೇಶಗಳು ಮಣ್ಣಿನ ಇಂಗಾಲದ ಮೂರನೆಯ ಒಂದು ಪಾಲನ್ನು ಹಿಡಿದಿಟ್ಟುಕೊಂಡಿರುವುದು ಈ ಬೀಗದ ಬಲದಿಂದ.

ಸಂಜೆ ಅಜ್ಜನ ಮಗ ಬಂದು ಕೂತರು. ತೋಟ ನೋಡಿಕೊಳ್ಳುವವರಾದ್ದರಿಂದ ಅವರ ಪ್ರಶ್ನೆ ನೇರವಾಗಿತ್ತು: “ಅಷ್ಟು ಬಡ ನೆಲ ಅಂದ್ರೆ ಸ್ವಲ್ಪ ಸುಣ್ಣ, ಯೂರಿಯಾ ಹಾಕಿದ್ರೆ ಆಯ್ತಲ್ಲ ಸಾರ್? ತೋಟಕ್ಕೆ ನಾವು ಹಾಕೋದಿಲ್ವ?” ತೋಟಕ್ಕೆ ಅದು ಸರಿ. ಮಳೆ ಸುಣ್ಣದಂಶವನ್ನೆಲ್ಲ ತೊಳೆದೊಯ್ಯುವ ಇಲ್ಲಿನ ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಂಧಿಸಿಡುವುದರಿಂದ ಕಾಫಿಗೆ ಸುಣ್ಣ ಬೇಕೇ ಬೇಕು. ಪಾಚಿಯ ನೆಲಕ್ಕೆ ಅದೇ ಔಷಧ ವಿಷ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇಕಡ 46ರಂತೆ 20 ಕೆ.ಜಿ.ಗೆ ತುಸು ಮೇಲ್ಪಟ್ಟು ಸಾರಜನಕವಿದೆ. ಯುರೋಪಿನ ಮಳೆಯಾಶ್ರಿತ ಪೀಟ್ ನೆಲಗಳು ಹೆಕ್ಟೇರಿಗೆ ವರ್ಷಕ್ಕೆ 5ರಿಂದ 10 ಕೆ.ಜಿ. ಸಾರಜನಕವನ್ನಷ್ಟೇ ತಾಳಿಕೊಳ್ಳುತ್ತವೆ ಎಂಬ ಲೆಕ್ಕವಿದೆ, ಅಂದರೆ ಎರಡೂವರೆ ಎಕರೆಗೆ ಹೆಚ್ಚೆಂದರೆ ಸುಮಾರು ಅರ್ಧ ಚೀಲ. ಅದಕ್ಕಿಂತ ಹೆಚ್ಚಾದರೆ ಪಾಚಿ ಹಿಡಿದು ಮುಗಿಸಲಾರದೆ ಉಳಿದದ್ದು ಕೆಳಗಿನ ಬೇರುಗಳಿಗೆ ಇಳಿಯುತ್ತದೆ. ಹುಲ್ಲು ಎದ್ದು ಪಾಚಿಗೆ ನೆರಳು ಕವಿಯುತ್ತದೆ. ನೆರಳಿನಲ್ಲಿ ಡ್ರೋಸೆರಾದ ಹನಿ ಯಾರಿಗೂ ಹೊಳೆಯುವುದಿಲ್ಲ. ಚೀಲ ಸುರಿಯಲು ಯಾರೂ ಬೆಟ್ಟ ಹತ್ತಬೇಕಾಗಿಲ್ಲ. ಬಯಲಿನ ಹೊಲಗಳಿಂದ ಎದ್ದ ಅಮೋನಿಯಾ ಮೋಡದೊಂದಿಗೆ ತಾನೇ ಹತ್ತಿಬರುತ್ತದೆ. ಯುರೋಪಿನಲ್ಲಿ ಆದದ್ದು ಹಾಗೆಯೇ. ಇದನ್ನು ಹೇಳುವಾಗ ನನ್ನ ದನಿ ತುಸು ಏರಿತ್ತೆಂದು ಆಮೇಲೆ ಶಿಷ್ಯ ಹೇಳಿದ.

ನಾಲ್ಕನೆಯ ದಿನ

ಬೆಳಿಗ್ಗೆ ಬಿಸಿಲು. ಎಲ್ಲರೂ ಪಾಳು ಗದ್ದೆಗೆ ಇಳಿದೆವು. ಅಜ್ಜ ಏರಿಯ ಮೇಲೆ, ಮಗ ನಮ್ಮೊಂದಿಗೆ ಕೆಸರಿನಲ್ಲಿ.

ಸಲಿಕೆಯಿಂದ ತೆಗೆದ ಹೆಂಟೆ ಮೂರು ಬಣ್ಣದ್ದಾಗಿತ್ತು. ಮೇಲೆ ಆಪಿನ ಹುಲ್ಲಿನ ಹಸಿ ಬೇರು, ನಡುವೆ ಒಂದು ಗೇಣು ಕಪ್ಪು ಪದರ, ಅದರ ಕೆಳಗೆ ಬೂದು ಜೇಡಿ. ಕಪ್ಪು ಪದರವನ್ನು ಬಿಡಿಸಿದಾಗ ಹುಲ್ಲಿನ ದಂಟುಗಳು ಗಣ್ಣುಗಳ ಸಮೇತ ಗುರುತು ಸಿಗುತ್ತಿದ್ದವು. ಇದು ಪೀಟ್ ಅಲ್ಲ, ಮಳೆಯನ್ನಷ್ಟೇ ನಂಬಿದ ನೆಲವೂ ಅಲ್ಲ. ಬೆಟ್ಟದ ನೀರು ಇದಕ್ಕೆ ಕಬ್ಬಿಣ, ಸುಣ್ಣದಂಶ ಎಲ್ಲವನ್ನೂ ತಂದುಕೊಡುತ್ತದೆ. ಆದರೆ ಬೀಗ ಅದೇ: ನಿಂತ ನೀರು. ಸಲಿಕೆ ಹೊರಬಂದ ಗುಂಡಿಯಿಂದ ಗುಳುಗುಳು ಎದ್ದ ಗುಳ್ಳೆಗಳಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಇದ್ದೇ ಇರುತ್ತದೆ. ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಅದನ್ನು ಉಸಿರಾಗಿ ಬಿಡುತ್ತವೆ. ನಿಂತ ನೀರಿನ ಈ ಕುಂದನ್ನೂ ಮುಚ್ಚಿಡದೆ ಹೇಳಿದೆ.

“ಕಾಲುವೆ ತೆಗೆದ್ರೆ ಈ ಕಪ್ಪು ಮಣ್ಣು ಒಳ್ಳೆ ಗೊಬ್ಬರ ಅಲ್ವ ಸಾರ್?” ಎಂದು ಮಗ ಕೇಳಿದರು. ಮೊದಲ ಕೆಲವು ವರ್ಷ ಹೌದು. ಗಾಳಿ ಹೊಕ್ಕೊಡನೆ ಕೊಳೆತ ಶುರುವಾಗಿ, ಕೂಡಿಟ್ಟ ಸಾರಜನಕ ಬಿಡುಗಡೆಯಾಗಿ, ಗಿಡ ದಟ್ಟವಾಗಿ ಏಳುತ್ತದೆ. ಆಮೇಲೆ ಮಣ್ಣೇ ತೆಳುವಾಗುತ್ತದೆ. ಇಂಗ್ಲೆಂಡಿನ ಹೋಮ್ ಎಂಬ ಊರಿನ ಪೀಟ್ ನೆಲದ ನೀರನ್ನು ಬಸಿದ ಕಾಲದಲ್ಲಿ, 1850ರ ಆಸುಪಾಸು, ಒಂದು ಕಬ್ಬಿಣದ ಕಂಬವನ್ನು ಕೆಳಗಿನ ಗಟ್ಟಿ ಜೇಡಿಗೆ ಊರಿ, ತುದಿ ನೆಲಮಟ್ಟಕ್ಕೆ ಬರುವಂತೆ ನಿಲ್ಲಿಸಿದ್ದರು. ಈಗ ಆ ತುದಿ ನೆಲದಿಂದ ಸುಮಾರು 4 ಮೀಟರ್ ಮೇಲಿದೆ. ಕಂಬ ಏರಲಿಲ್ಲ. ನೆಲ ಕುಸಿದು, ಒಣಗಿ, ಗಾಳಿಗೆ ಇಂಗಾಲವಾಗಿ ಹೋಯಿತು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನಿಗೆ ಕೊಡವ ತಕ್ಕಿನಲ್ಲಿ ಏನೋ ಹೇಳಿದರು. ಮಗ ಮನೆಗೆ ಹೋಗಿ ಹಳೆಯ ಸ್ಪ್ರಿಂಕ್ಲರ್ ಪೈಪೊಂದನ್ನು, ಸುತ್ತಿಗೆಯನ್ನು ತಂದರು. “ಒಂದು ಗದ್ದೆಗೆ ಕಾಲುವೆ ತೆಗೀಲಿ, ಇನ್ನೊಂದನ್ನು ಹೀಗೇ ಬಿಡ್ಲಿ. ಎರಡರಲ್ಲೂ ಒಂದೊಂದು ಪೈಪು ಹೊಡೆದಿಡೋಣ” ಎಂದರು ಅಜ್ಜ.

ಪೈಪನ್ನು ಎರಡು ತುಂಡು ಮಾಡಿ, ಕೆಸರಿನಲ್ಲಿ ನಿಂತು ಸರದಿಯಲ್ಲಿ ಹೊಡೆದೆವು. ಕಪ್ಪು ಪದರದಲ್ಲಿ ಅದು ಸದ್ದಿಲ್ಲದೆ ಇಳಿಯಿತು, ಜೇಡಿಯಲ್ಲಿ ಬಿಗಿಯಿತು, ಒಂದು ಆಳಿನ ಎದೆಮಟ್ಟದಷ್ಟು ಇಳಿದ ಮೇಲೆ ಕಲ್ಲಿಗೆ ಬಡಿದು ಠಣ್ ಎಂದಿತು. ಹೆಚ್ಚಾದದ್ದನ್ನು ನೆಲಮಟ್ಟಕ್ಕೆ ಗರಗಸದಿಂದ ಕೊಯ್ದು, ಕೆಂಪು ಬಣ್ಣದ ಒಂದು ಗೆರೆ ಬಳಿದೆವು. ಅಜ್ಜ ಕ್ಯಾಲೆಂಡರಿನ ಹಿಂದೆ ಬರೆದಿಡಲು ತಾರೀಖು ಕೇಳಿದರು.